ಪಾಂಟೂನ್ ದೋಣಿಯ ಅಲ್ಯುಮಿನಿಯಂ ಟ್ಯೂಬ್: ತೊಳೆಯುವುದು ಹೇಗೆ, ಕಾಪಾಡುವುದು ಹೇಗೆ

ಪಾಂಟೂನ್ ಅಂದರೆ ಟ್ಯೂಬ್ ಅನ್ನುವ ಉದ್ದನೆಯ ಟೊಳ್ಳು ಕೊಳವೆಗಳ ಮೇಲೆ ಹಲಗೆ ಹಾಸಿ ತೇಲಿಸುವ ದೋಣಿ. ಅದನ್ನು ನೀರಿನಿಂದ ಮೇಲೆ ತಂದ ಮೊದಲ ಒಂದು ಗಂಟೆಯನ್ನು ದಯವಿಟ್ಟು ಹಾಳು ಮಾಡಬೇಡಿ. ಟ್ಯೂಬಿನ ಮೇಲಿನ ಪಾಚಿ ಆಗಿನ್ನೂ ಹಸಿಯಾಗಿರುತ್ತದೆ. ಬೆರಳಲ್ಲಿ ಒರೆಸಿದರೂ ಜಾರಿ ಬರುತ್ತದೆ. ಅದೇ ಪಾಚಿ ಎರಡು ದಿನ ಬಿಸಿಲಿಗೆ ಒಣಗಿತು ಅಂದರೆ ಗೋಡೆಗೆ ಬಳಿದ ಸುಣ್ಣದ ಹಾಗೆ ಹಿಡಿದುಕೊಳ್ಳುತ್ತದೆ. ಆಮೇಲೆ ಅದನ್ನು ಬಿಡಿಸಲು ಆಸಿಡ್ ಬೇಕು, ಕೈಗವಸು ಬೇಕು, ಎರಡು ರಜಾದಿನ ಬೇಕು. ಈ ಲೇಖನದಲ್ಲಿ ಮುಂದೆ ಬರುವ ಅರ್ಧ ಕೆಲಸವನ್ನು ಆ ಒಂದು ಗಂಟೆಯೇ ಉಳಿಸಿಕೊಡುತ್ತದೆ.

ನಾನಿರುವುದು ಅಮೆರಿಕದ ಮಿನ್ನೆಸೋಟಾದಲ್ಲಿ. ಹತ್ತು ಎಕರೆ ಅಥವಾ ಅದಕ್ಕಿಂತ ದೊಡ್ಡ ಕೆರೆಗಳೇ ಇಲ್ಲಿ 11,842 ಇವೆ. ಪಾಂಟೂನ್ ದೋಣಿ ಹುಟ್ಟಿದ್ದೂ ಇದೇ ರಾಜ್ಯದಲ್ಲಿ. 1950ರ ದಶಕದ ಆರಂಭದಲ್ಲಿ ರಿಚ್ಮಂಡ್ ಎಂಬ ಸಣ್ಣ ಊರಿನ ಆಂಬ್ರೋಸ್ ವೀರ್ಸ್ ಎಂಬುವರು ಉಕ್ಕಿನ ಡ್ರಮ್ಮುಗಳನ್ನು ತುದಿಗೆ ತುದಿ ಬೆಸೆದು ಎರಡು ಉದ್ದನೆಯ ಕೊಳವೆ ಮಾಡಿದರು. ಅವುಗಳ ಮೇಲೆ ಮರದ ಹಲಗೆ ಹಾಸಿ ನೀರಿಗೆ ಬಿಟ್ಟರು. ಈಗ ಉಕ್ಕಿನ ಬದಲು ಅಲ್ಯುಮಿನಿಯಂ ಬಂದಿದೆ, ಅಷ್ಟೇ ವ್ಯತ್ಯಾಸ. ಊರಿಂದ ಬಂದ ಅಪ್ಪ ಅಮ್ಮ ಸೀರೆ ಪಂಚೆಯಲ್ಲೇ ಹತ್ತಿ, ಕುರ್ಚಿಯಲ್ಲಿ ಕೂತು, ಫ್ಲಾಸ್ಕಿನಿಂದ ಕಾಫಿ ಕುಡಿಯುತ್ತಾ ಕೆರೆ ನೋಡಬಹುದಾದ ದೋಣಿ ಇದೊಂದೇ. ಅದಕ್ಕೇ ಇಲ್ಲಿನ ನಮ್ಮವರಲ್ಲಿ ಎಷ್ಟೋ ಜನ ಹಳೆಯ ಪಾಂಟೂನ್ ಕೊಳ್ಳುತ್ತಾರೆ. ಕೊಂಡ ಮೊದಲ ವರ್ಷವೇ ಟ್ಯೂಬ್ ಕಪ್ಪಾಗಿದೆ, ಏನು ಹಾಕಿ ತಿಕ್ಕಲಿ ಅಂತ ಕೇಳುತ್ತಾರೆ.

ತಿಕ್ಕುವ ಮೊದಲು ಒಂದು ಮಾತು.

ಲೋಹದ ಮೇಲೊಂದು ಪೊರೆ ಇದೆ

ಪಾಂಟೂನಿನ ಟ್ಯೂಬನ್ನು ಸಾಮಾನ್ಯವಾಗಿ 5052 ಅನ್ನುವ ಮಿಶ್ರಲೋಹದ ಹಾಳೆಯಿಂದ ಮಾಡುತ್ತಾರೆ. ಅಲ್ಯುಮಿನಿಯಂಗೆ ಸುಮಾರು 2.5 ಶೇಕಡ ಮೆಗ್ನೀಸಿಯಂ ಬೆರೆಸಿರುತ್ತಾರೆ. ಹಾಳೆಯ ದಪ್ಪ ಹೆಚ್ಚಾಗಿ 0.080 ಇಂಚಿನಿಂದ 0.100 ಇಂಚಿನವರೆಗೆ. ಅಂದರೆ ಎರಡರಿಂದ ಎರಡೂವರೆ ಮಿಲಿಮೀಟರ್. ಇಡೀ ಕುಟುಂಬವನ್ನು ತೇಲಿಸುವುದು ಅಷ್ಟು ತೆಳುವಾದ ತಗಡು.

ಆ ತಗಡನ್ನು ಕಾಪಾಡುವುದು ಅದರ ಮೇಲೆ ತಾನಾಗಿ ಹುಟ್ಟುವ ಅಲ್ಯುಮಿನಿಯಂ ಆಕ್ಸೈಡ್. ಕೆಲವೇ ನ್ಯಾನೋಮೀಟರ್ ದಪ್ಪ. ಗೀರಿದರೆ ಗಾಳಿ ಸೋಕಿದ ಕೂಡಲೇ ಮತ್ತೆ ಹುಟ್ಟುತ್ತದೆ. ಕನ್ನಡದಲ್ಲಿ ಪೊರೆ ಅಂದರೆ ತೆಳುವಾದ ಹೊದಿಕೆ, ಕಾಪಾಡು ಅನ್ನುವ ಅರ್ಥವೂ ಇದೆ. ಎರಡೂ ಇಲ್ಲಿ ಸರಿಯಾಗಿ ಒಪ್ಪುತ್ತವೆ. ಕಬ್ಬಿಣದ ತುಕ್ಕು ಕಬ್ಬಿಣವನ್ನು ತಿನ್ನುತ್ತದೆ. ಅಲ್ಯುಮಿನಿಯಂನ ಈ ಪೊರೆ ಅಲ್ಯುಮಿನಿಯಂ ಅನ್ನು ಪೊರೆಯುತ್ತದೆ. ಟ್ಯೂಬು ಮಂಕಾಗಿ ಬೂದು ಬಣ್ಣಕ್ಕೆ ತಿರುಗಿದ್ದರೆ ಅದು ರೋಗವಲ್ಲ. ಬೂದು ಟ್ಯೂಬು ಎಷ್ಟೋ ಸಲ ಫಳಫಳ ಹೊಳೆಯುವ ಟ್ಯೂಬಿಗಿಂತ ಗಟ್ಟಿ.

ಪೊರೆಗೆ ಶತ್ರುಗಳು ಮೂರು. ಒಂದು, ಜಾಸ್ತಿ ಹುಳಿ ಅಥವಾ ಜಾಸ್ತಿ ಕ್ಷಾರ. ಹುಳಿ-ಕ್ಷಾರದ ಅಳತೆಯಾದ ಪಿಎಚ್ ಸುಮಾರು 4ರಿಂದ 8.5ರೊಳಗೆ ಇದ್ದರೆ ಪೊರೆ ನೆಮ್ಮದಿಯಾಗಿರುತ್ತದೆ. ಎರಡು, ಉಪ್ಪಿನಲ್ಲಿರುವ ಕ್ಲೋರೈಡ್. ಅದು ಪೊರೆಯಲ್ಲಿ ಸೂಜಿಮೊನೆಯಷ್ಟು ತೂತು ಹುಡುಕಿ ಕೆಳಗೆ ಗುಳಿ ತೋಡುತ್ತದೆ. ಮೂರು, ತಾಮ್ರ, ಕಬ್ಬಿಣದಂಥ ಬೇರೆ ಲೋಹದ ಸಹವಾಸ. ಈ ಮೂರನೆಯದರ ಬಗ್ಗೆ ಮುಂದೆ ಹೆಚ್ಚು ಹೇಳುತ್ತೇನೆ. ದೋಣಿಗಳು ನಿಜವಾಗಿ ಹಾಳಾಗುವುದು ಅಲ್ಲೇ.

ಹಾಗಾಗಿ ನಾವು ಮಾಡಬೇಕಾದದ್ದು ಟ್ಯೂಬನ್ನು ಶುಚಿ ಮಾಡುವುದು. ಹೊಳೆಸುವುದು ಬೇರೆಯೇ ಕೆಲಸ. ಮನೆಯಲ್ಲಿ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕಿ ಬೆಳಗಿದ ಕೈ ನಮ್ಮದು. ಬೆಳಗಿದಷ್ಟೂ ಒಳ್ಳೆಯದು ಅಂತ ನಮಗೆ ಅನಿಸುತ್ತದೆ. ದೋಣಿಯ ವಿಷಯದಲ್ಲಿ ಆ ಅಭ್ಯಾಸ ಸ್ವಲ್ಪ ಬಿಡಬೇಕು.

ಹಂತ 1: ದಡದಲ್ಲಿ

ದೋಣಿ ಟ್ರೈಲರ್ ಮೇಲೆ ಬಂತು. ಮೊದಲು ಮಾಡುವ ಕೆಲಸ ಕೆರೆಗಾಗಿ, ದೋಣಿಗಾಗಿ ಅಲ್ಲ. ಟ್ಯೂಬಿಗೆ, ಟ್ರೈಲರಿಗೆ, ಮೋಟಾರಿನ ಪ್ರೊಪೆಲರಿಗೆ ಸುತ್ತಿಕೊಂಡ ಜೊಂಡು, ಬಳ್ಳಿ ಎಲ್ಲ ಕಿತ್ತು ಹಾಕಿ. ನೀರಿನ ಬಿರಡೆಗಳನ್ನು ಬಿಚ್ಚಿ ನೀರು ಬಸಿಯಿರಿ. ಮಿನ್ನೆಸೋಟಾದಲ್ಲಿ ಬಿರಡೆ ಬಿಚ್ಚಿಟ್ಟುಕೊಂಡೇ ರಸ್ತೆಯಲ್ಲಿ ದೋಣಿ ಸಾಗಿಸಬೇಕು ಅನ್ನುವುದು ಕಾನೂನು.

ಇದೆಲ್ಲ ಜೀಬ್ರಾ ಮಸ್ಸೆಲ್ ಅನ್ನುವ ಉಗುರಿನಷ್ಟು ದೊಡ್ಡ ಪಟ್ಟೆ ಚಿಪ್ಪಿನ ದೆಸೆಯಿಂದ. ಉತ್ತರ ಅಮೆರಿಕದಲ್ಲಿ ಇದನ್ನು ಮೊದಲು ಗುರುತಿಸಿದ್ದು 1988ರಲ್ಲಿ, ಅಮೆರಿಕ-ಕೆನಡಾ ಗಡಿಯ ಸೇಂಟ್ ಕ್ಲೇರ್ ಕೆರೆಯಲ್ಲಿ. ದೋಣಿಯಿಂದ ದೋಣಿಗೆ, ಕೆರೆಯಿಂದ ಕೆರೆಗೆ ಹಬ್ಬಿ, 2010ರಲ್ಲಿ ನಮ್ಮ ಮಿನ್ನೆಟೊಂಕಾ ಕೆರೆಗೂ ಬಂತು. ಇದು ಗಟ್ಟಿ ನಾರುಗಳಿಂದ ಟ್ಯೂಬಿಗೆ ಅಂಟುತ್ತದೆ. ಕೀಳಲು ಪ್ಲಾಸ್ಟಿಕ್ ಅಥವಾ ಮರದ ಕೆರೆಯುವ ಪಟ್ಟಿ ಬಳಸಿ. ಉಕ್ಕಿನ ಚಾಕು ಬೇಡ. ಚಿಪ್ಪು ಕಿತ್ತ ಜಾಗವನ್ನು ಗಮನವಿಟ್ಟು ನೋಡಿ. ಚಿಪ್ಪಿನ ಅಡಿಯಲ್ಲಿ ಗಾಳಿಯಾಡದ ಸಂದಿಯಾಗಿ ಅಲ್ಲೇ ಗುಳಿ ಶುರುವಾಗಿರಬಹುದು.

ಒಂದು ಕೆರೆಯ ದೋಣಿಯನ್ನು ಇನ್ನೊಂದು ಕೆರೆಗೆ ಇಳಿಸುವವರಿದ್ದರೆ 140 ಡಿಗ್ರಿ ಫ್ಯಾರನ್‌ಹೀಟಿನ ಬಿಸಿನೀರನ್ನು ಹತ್ತು ಸೆಕೆಂಡು ಬಿಡಿ. ಅಷ್ಟು ಬಿಸಿ ಸಿಗದಿದ್ದರೆ 120 ಡಿಗ್ರಿಯ ನೀರನ್ನು ಎರಡು ನಿಮಿಷ. ಅದೂ ಆಗದಿದ್ದರೆ ದೋಣಿ ಕಡೇ ಪಕ್ಷ ಐದು ದಿನ ಒಣಗಲಿ. ದೋಣಿ ಎತ್ತುವ ಲಿಫ್ಟು, ದೋಣಿ ಕಟ್ಟುವ ಕಟ್ಟೆಯಾದ ಡಾಕು ಇವನ್ನು ಬೇರೆ ಕೆರೆಗೆ ಸಾಗಿಸುವುದಾದರೆ 21 ದಿನ ಒಣಗಿಸಬೇಕು ಅಂತ ಇಲ್ಲಿನ ನಿಯಮ. ಹಳೆಯ ಲಿಫ್ಟ್ ಕೊಂಡು ಅದೇ ಸಂಜೆ ನೀರಿಗೆ ಇಳಿಸಿದವರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಒಂದು ಕೆರೆಗೆ ಮಸ್ಸೆಲ್ ಬಂದ ಮೇಲೆ ವಾಪಸ್ ಕಳಿಸಲು ಆಗುವುದಿಲ್ಲ.

ಹಂತ 2: ನೀರು, ಸೋಪು, ಬ್ರಷ್

ಪಾಚಿ ಹಸಿಯಾಗಿರುವಾಗಲೇ ರಭಸವಾಗಿ ನೀರು ಚಿಮ್ಮಿಸುವ ಪ್ರೆಷರ್ ವಾಷರ್ ಹಿಡಿಯಿರಿ. ನೀರಿನ ಒತ್ತಡ 1,500ರಿಂದ 2,000 ಪಿಎಸ್‌ಐ ಸಾಕು. ನೀರು ಬೀಸಣಿಗೆಯಂತೆ ಅಗಲವಾಗಿ ಬೀಳುವ ನಳಿಗೆ ಹಾಕಿ, ಒಂದಡಿ ದೂರದಿಂದ ಶುರು ಮಾಡಿ. ಸ್ಟಿಕ್ಕರ್, ಪೇಂಟಿನ ಅಂಚು, ವೈರು ಹೋಗುವ ತೂತು, ಇವುಗಳ ಕಡೆ ನೇರವಾಗಿ ಹೊಡೆಯಬೇಡಿ.

ತೊಳೆಯುವ ಜಾಗ ಮುಖ್ಯ. ದಡದಲ್ಲಿ ಬರೀ ನೀರು. ಸೋಪು, ಆಸಿಡ್ ಏನಿದ್ದರೂ ಮನೆಗೆ ಬಂದ ಮೇಲೆ, ಕೆರೆಗೂ ಚರಂಡಿಗೂ ಹರಿಯದ ಹುಲ್ಲಿನ ಮೇಲೆ. ರಸ್ತೆಯಂಚಿನ ಮಳೆನೀರಿನ ಚರಂಡಿ ನೇರ ಕೆರೆಗೇ ಸೇರುತ್ತದೆ, ಶುದ್ಧೀಕರಣ ಘಟಕಕ್ಕೆ ಹೋಗುವುದಿಲ್ಲ.

ಮನೆಯಲ್ಲಿ ಪಾತ್ರೆ ತೊಳೆಯುವ ಸೌಮ್ಯವಾದ ಸೋಪಿನ ದ್ರವವನ್ನು ಒಂದು ಬಕೆಟ್ ಬೆಚ್ಚಗಿನ ನೀರಿಗೆ ಸ್ವಲ್ಪ ಹಾಕಿ. ಉದ್ದ ಹಿಡಿಯ ನೈಲಾನ್ ಬ್ರಷ್ಷಿನಲ್ಲಿ ಉಜ್ಜಿ. ಟ್ಯೂಬಿನ ಉದ್ದಕ್ಕೆ, ಒಂದೇ ದಿಕ್ಕಿನಲ್ಲಿ. ಸುತ್ತು ಸುತ್ತಾಗಿ ಉಜ್ಜಿದರೆ ಗೀರು ಎದ್ದು ಕಾಣುತ್ತದೆ. ಸ್ಟೀಲ್ ವೂಲ್ ಮುಟ್ಟಲೇಬೇಡಿ. ಅದರ ಕಬ್ಬಿಣದ ಪುಡಿ ಅಲ್ಯುಮಿನಿಯಂನಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲು ತುಕ್ಕಿನ ಚುಕ್ಕೆ, ಆಮೇಲೆ ಅದರ ಸುತ್ತ ಗುಳಿ.

ಕೆಲಸದ ಅಳತೆ ಗೊತ್ತಿರಲಿ. 25 ಇಂಚು ವ್ಯಾಸ, 20 ಅಡಿ ಉದ್ದದ ಒಂದು ಟ್ಯೂಬಿನ ಮೈ ಸುಮಾರು 130 ಚದರ ಅಡಿ. ಎರಡಕ್ಕೆ 260. ಒಂದು ದೊಡ್ಡ ಕೋಣೆಯ ನೆಲಕ್ಕಿಂತ ಜಾಸ್ತಿ, ಅದೂ ಅರ್ಧ ಭಾಗ ಬಗ್ಗಿ, ಮಲಗಿ ಉಜ್ಜಬೇಕು. ಜೊತೆಗೆ ಒಬ್ಬರನ್ನು ಕರೆದುಕೊಳ್ಳಿ. ದೋಣಿಯ ಕೆಳಗೆ ಹೋಗುವುದಾದರೆ ಅದು ಬರೀ ಜ್ಯಾಕ್ ಮೇಲೆ ನಿಂತಿರಬಾರದು. ದಪ್ಪ ಮರದ ದಿಮ್ಮಿ ಕೊಟ್ಟಿರಬೇಕು, ಟ್ರೈಲರ್ ಚಕ್ರಕ್ಕೆ ಅಡ್ಡ ಇಟ್ಟಿರಬೇಕು.

ಪ್ರತಿ ವರ್ಷ ಹಸಿಯಲ್ಲೇ ತೊಳೆದ ದೋಣಿಗೆ ಇಷ್ಟೇ ಸಾಕು. ನೀವು ನೇರವಾಗಿ ಐದನೇ ಹಂತಕ್ಕೆ ಹೋಗಬಹುದು.

ಹಂತ 3: ವಿನೆಗರ್

ಸೋಪಿಗೆ ಬಗ್ಗದ ಬಿಳಿ ಪಟ್ಟೆ ನೀರಿನ ಗೆರೆಯ ಸುತ್ತ ಉಳಿದಿದ್ದರೆ ಅದು ಹೆಚ್ಚಾಗಿ ಗಡಸು ನೀರಿನ ಸುಣ್ಣ. ಅಡುಗೆಮನೆಯ ಬಿಳಿ ವಿನೆಗರ್ ಸಾಕು. ಅದರಲ್ಲಿ ಆಸಿಟಿಕ್ ಆಸಿಡ್ ಇರುವುದು 5 ಶೇಕಡ ಅಷ್ಟೇ. ಸಮ ಪ್ರಮಾಣದ ನೀರು ಬೆರೆಸಿ ಸಿಂಪಡಿಸಿ. ಐದು ನಿಮಿಷ ಬಿಟ್ಟು ಉಜ್ಜಿ ತೊಳೆಯಿರಿ. ಒಣಗಲು ಬಿಡಬೇಡಿ. ಒಂದು ಸಲಕ್ಕೆ ಹೋಗದಿದ್ದರೆ ಇನ್ನೊಂದು ಸಲ. ತಾಳ್ಮೆ ಇದ್ದವರಿಗೆ ವಿನೆಗರ್ ಸಾಕಷ್ಟು ದೂರ ಜೊತೆ ಬರುತ್ತದೆ. ಅಪಾಯವೂ ಕಡಿಮೆ.

ಹಂತ 4: ಆಸಿಡ್ ಕ್ಲೀನರ್, ಬೇರೆ ದಾರಿ ಇಲ್ಲದಿದ್ದರೆ

ವರ್ಷಗಟ್ಟಲೆ ತೊಳೆಯದ ಹಳೆಯ ದೋಣಿ ಕೊಂಡಿದ್ದೀರಿ, ಟ್ಯೂಬಿನ ಮೇಲೆ ಕಂದು ಬಣ್ಣದ ಗಟ್ಟಿ ಪದರ ಇದೆ. ಆಗ ಅಲ್ಯುಮಿನಿಯಂ ಕ್ಲೀನರ್ ಬೇಕಾಗುತ್ತದೆ. ಅಂಗಡಿಯಲ್ಲಿ ಹತ್ತಾರು ಬಾಟಲಿಗಳಿವೆ. ಹೆಸರು ಬಿಡಿ, ಹಿಂದಿನ ಚೀಟಿ ಓದಿ.

ಫಾಸ್ಫಾರಿಕ್ ಆಸಿಡ್ ಅಥವಾ ಆಕ್ಸಾಲಿಕ್ ಆಸಿಡ್ ಅಂತಿದ್ದರೆ ಎಚ್ಚರದಿಂದ ಬಳಸಬಹುದು. ಹೈಡ್ರೋಫ್ಲೋರಿಕ್ ಆಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಅಂತಿದ್ದರೆ ವಾಪಸ್ ಇಟ್ಟುಬಿಡಿ. ಇವು ಕ್ಷಣದಲ್ಲಿ ಬೆಳ್ಳಗೆ ಮಾಡುತ್ತವೆ, ಅದಕ್ಕೇ ಜನ ಕೊಳ್ಳುತ್ತಾರೆ. ಆದರೆ ಚರ್ಮಕ್ಕೆ ತಾಗಿದರೆ ಕೆಲವೊಮ್ಮೆ ಆ ಹೊತ್ತಿಗೆ ಉರಿಯೂ ಗೊತ್ತಾಗುವುದಿಲ್ಲ. ಫ್ಲೋರೈಡ್ ಒಳಗಿಳಿದು ಮೈಯ ಕ್ಯಾಲ್ಸಿಯಂ ಅನ್ನು ಹಿಡಿಯುತ್ತದೆ. ನೋವು ಬರುವುದು ಗಂಟೆಗಳ ಮೇಲೆ. ಜಾಸ್ತಿ ತಾಗಿದರೆ ಹೃದಯಕ್ಕೇ ಅಪಾಯ. ಇದನ್ನು ಬಳಸುವ ಕಾರ್ಖಾನೆಗಳಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆ ಸಿಗುವಂತೆ ಇಟ್ಟಿರುತ್ತಾರೆ. ನಮ್ಮ ಗ್ಯಾರೇಜಿನಲ್ಲಿ ಅದು ಇರುವುದಿಲ್ಲ ಅಲ್ವಾ? ಇಂಥದ್ದು ಎಲ್ಲಾದರೂ ಮೈಗೆ ತಾಗಿದರೆ ಉರಿ ಇರಲಿ ಬಿಡಲಿ, ಬಟ್ಟೆ ಕಳಚಿ ನೀರಿನಲ್ಲಿ ತೊಳೆಯುತ್ತಾ 911ಕ್ಕೆ ಕರೆ ಮಾಡಿ. ಅಮೆರಿಕದ ಪಾಯ್ಸನ್ ಕಂಟ್ರೋಲ್ ಸಂಖ್ಯೆ 1-800-222-1222, ಅದನ್ನೂ ಗೋಡೆಗೆ ಅಂಟಿಸಿಡಿ.

ಚರಂಡಿ ಬಿಡಿಸುವ ಸೋಡಿಯಂ ಹೈಡ್ರಾಕ್ಸೈಡ್, ಓವನ್ ಕ್ಲೀನರ್, ಬ್ಲೀಚ್, ಮ್ಯೂರಿಯಾಟಿಕ್ (ಹೈಡ್ರೋಕ್ಲೋರಿಕ್) ಆಸಿಡ್, ಯಾವುದೂ ಟ್ಯೂಬಿನ ಹತ್ತಿರ ಬರಬಾರದು. ಸೋಡಿಯಂ ಹೈಡ್ರಾಕ್ಸೈಡ್ ಅಲ್ಯುಮಿನಿಯಂ ಅನ್ನು ಕರಗಿಸಿ ಹೈಡ್ರೋಜನ್ ಅನಿಲ ಬಿಡುತ್ತದೆ. ಬ್ಲೀಚಿನಲ್ಲಿ ಕ್ಲೋರಿನ್ ಇದೆ. ಬ್ಲೀಚೂ ಆಸಿಡ್ಡೂ ಸೇರಿದರೆ ವಿಷಾನಿಲವೇ ಹುಟ್ಟುತ್ತದೆ.

ಈಗ ಫಾಸ್ಫಾರಿಕ್ ಆಸಿಡ್ ಕ್ಲೀನರ್ ಬಳಸುವ ಬಗೆ.

ದಿನ ಮೋಡವಾಗಿರಲಿ, ಇಲ್ಲವೇ ದೋಣಿ ನೆರಳಿನಲ್ಲಿರಲಿ. ಟ್ಯೂಬನ್ನು ಕೈಯಿಂದ ಮುಟ್ಟಿದರೆ ತಣ್ಣಗಿರಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ನನ್ನ ಮೊದಲ ದೋಣಿಯನ್ನು ಜುಲೈ ಮಧ್ಯಾಹ್ನದ ಬಿಸಿಲಿನಲ್ಲಿ ಆಸಿಡ್ ಹಾಕಿ ತೊಳೆದೆ. ಮೇಲಿನಿಂದ ಸಿಂಪಡಿಸಿದೆ. ದ್ರವ ಗೆರೆಗೆರೆಯಾಗಿ ಕೆಳಗಿಳಿದು ಬಿಸಿ ಲೋಹದ ಮೇಲೆ ಅಲ್ಲೇ ಒಣಗಿತು. ಕಣ್ಣೀರು ಇಳಿದ ಗುರುತಿನಂಥ ಬಿಳಿ ಗೆರೆಗಳು. ಎಷ್ಟು ತೊಳೆದರೂ ಹೋಗಲಿಲ್ಲ. ಆ ದೋಣಿ ಮಾರುವವರೆಗೂ ಎಡಗಡೆಯ ಟ್ಯೂಬಿನ ಮೇಲೆ ಅವು ಇದ್ದವು.

ಟ್ರೈಲರಿನ ಸತುವಿನ ಲೇಪ, ಪೇಂಟ್ ಮಾಡಿದ ಬದಿಗಳು, ಸ್ಟಿಕ್ಕರ್, ಟೈರು ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ. ಕಾಂಕ್ರೀಟ್ ಡ್ರೈವ್‌ವೇ ಕೂಡ ಆಸಿಡ್ಡಿಗೆ ಹಾಳಾಗುತ್ತದೆ. ರಬ್ಬರಿನ ಉದ್ದ ಕೈಗವಸು, ಬದಿ ಮುಚ್ಚುವ ಕನ್ನಡಕ, ತುಂಬು ತೋಳಿನ ಹಳೆ ಬಟ್ಟೆ, ಮುಚ್ಚಿದ ಬೂಟು ಹಾಕಿಕೊಳ್ಳಿ. ಮಕ್ಕಳು, ನಾಯಿ ಒಳಗಿರಲಿ. ಹರಿಯುವ ನೀರಿನ ಪೈಪು ಕೈಗೆಟುಕುವಲ್ಲಿ ಇರಲಿ.

ಬಾಟಲಿಯಲ್ಲಿ ಹೇಳಿದ್ದಕ್ಕಿಂತ ತೆಳ್ಳಗೆ ಬೆರೆಸಿ ಶುರು ಮಾಡಿ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರಲ್ಲ. ಟ್ಯೂಬಿನ ಹಿಂಭಾಗದಲ್ಲಿ, ಯಾರಿಗೂ ಕಾಣದ ಕಡೆ ಅಂಗೈಯಗಲ ಪರೀಕ್ಷೆ ಮಾಡಿ ನೋಡಿ. ಸರಿ ಅನಿಸಿದರೆ ಟ್ಯೂಬನ್ನೆಲ್ಲ ಒದ್ದೆ ಮಾಡಿಕೊಂಡು, ಮೂರಡಿ ಉದ್ದದ ತುಂಡು ತುಂಡಾಗಿ ಕೆಲಸ ಮಾಡಿ. ಹಚ್ಚುವುದು ಕೆಳಗಿನಿಂದ ಮೇಲಕ್ಕೆ. ಆಗ ಗೆರೆ ಬೀಳುವುದಿಲ್ಲ. ಒಂದೆರಡು ನಿಮಿಷ, ಮೆಲ್ಲಗೆ ಬ್ರಷ್, ಕೂಡಲೇ ಧಾರಾಳ ನೀರು, ಮೇಲಿನಿಂದ ಕೆಳಕ್ಕೆ. ಆಮೇಲೆ ಮುಂದಿನ ಮೂರಡಿ. ಬೆಸುಗೆಯ ಸಂದುಗಳಲ್ಲಿ, ಕೆಳಗಿನ ಕೀಲ್ ಪಟ್ಟಿಯ ಅಂಚಿನಲ್ಲಿ ಆಸಿಡ್ ಅವಿತು ಕೂರುತ್ತದೆ. ಅಲ್ಲಿ ಎರಡು ಪಟ್ಟು ತೊಳೆಯಿರಿ. ಕೊನೆಗೆ ಬಕೆಟ್ ನೀರಿಗೆ ಒಂದು ಹಿಡಿ ಅಡುಗೆ ಸೋಡಾ ಹಾಕಿ ಒಮ್ಮೆ ಒರೆಸಿ, ಮತ್ತೆ ಬರೀ ನೀರಿನಲ್ಲಿ ತೊಳೆದುಬಿಡಿ.

ಒಣಗಿದ ಮೇಲೆ ಟ್ಯೂಬು ಒಂದೇ ಸಮನಾದ ಬೆಳ್ಳಿ-ಬಿಳುಪು ಬಣ್ಣಕ್ಕೆ ಬರುತ್ತದೆ. ಕನ್ನಡಿಯಂತಿರುವುದಿಲ್ಲ. ಅದೇ ಸರಿಯಾದ ಬಣ್ಣ. ಆದರೆ ಈಗ ಲೋಹದ ಮೈ ಸ್ವಲ್ಪ ಒರಟಾಗಿದೆ, ಹೊಸ ಕೊಳೆಗೆ ಬೇಗ ಹಿಡಿತ ಸಿಗುತ್ತದೆ. ಹಾಗಾಗಿ ಆಸಿಡ್ ಹಾಕಿದ ಟ್ಯೂಬಿಗೆ ಲೇಪ ಕೊಡದೆ ನೀರಿಗೆ ಬಿಡಬೇಡಿ. ವರ್ಷ ವರ್ಷವೂ ಆಸಿಡ್ ಹಾಕುವ ರೂಢಿಯನ್ನೂ ಮಾಡಿಕೊಳ್ಳಬೇಡಿ.

ಹಂತ 5: ಕಣ್ಣಿಟ್ಟು ನೋಡುವುದು

ಶುಚಿಯಾದ ಟ್ಯೂಬು ತನ್ನ ಗುಟ್ಟನ್ನೆಲ್ಲ ಹೇಳುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ಉದ್ದಕ್ಕೂ ನೋಡಿ. ಬಿಳಿ ಪುಡಿ ಉಬ್ಬಿ ಕೂತ ಚುಕ್ಕೆ ಕಂಡರೆ ಕೆರೆದು ನೋಡಿ. ಅಡಿಯಲ್ಲಿ ಗುಳಿ ಇರುತ್ತದೆ. ಉಗುರು ಸಿಕ್ಕುವಷ್ಟು ಆಳವಾಗಿದ್ದರೆ ಅಲ್ಯುಮಿನಿಯಂ ಬೆಸುಗೆ ಬಲ್ಲವರಿಗೆ ತೋರಿಸಿ. ಟ್ಯೂಬಿನ ಮೂಗು, ಬೆಸುಗೆಯ ಸಾಲು, ಅಡ್ಡಪಟ್ಟಿ ಕೂರುವ ಜಾಗಗಳಲ್ಲಿ ಕೂದಲೆಳೆಯ ಬಿರುಕು ಹುಡುಕಿ.

ಆಮೇಲೆ ಟ್ಯೂಬನ್ನು ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋಗಿ, ಮಾವಿನಕಾಯಿಯೋ ಕಲ್ಲಂಗಡಿಯೋ ತಟ್ಟಿ ನೋಡಿದ ಹಾಗೆ. ಟಣ್ ಅಂದರೆ ಒಳಗೆ ಗಾಳಿ. ದಪ್ಪ್ ಅಂದರೆ ನೀರು. ಟ್ಯೂಬಿನ ಒಳಗೆ ಅಡ್ಡಗೋಡೆಗಳಿಂದ ಕೋಣೆಗಳನ್ನು ಮಾಡಿರುತ್ತಾರೆ, ಒಂದು ಕೋಣೆ ತುಂಬಿದರೂ ದೋಣಿ ಮುಳುಗದಿರಲಿ ಅಂತ. ನೀರಿದ್ದರೆ ಚಳಿಗಾಲದ ಮೊದಲೇ ತೆಗೆಸಿ. ಇಲ್ಲಿನ ಜನವರಿಯಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿ ಬೆಸುಗೆಯನ್ನೇ ಸೀಳುತ್ತದೆ. ಸೋರುವ ಜಾಗ ಹುಡುಕಲು ಒಳಗೆ ಸ್ವಲ್ಪ ಗಾಳಿ ತುಂಬಿ, ಹೊರಗೆ ಸೋಪಿನ ನೀರು ಬಳಿದು ಗುಳ್ಳೆ ನೋಡುತ್ತಾರೆ. ಗಾಳಿಯ ಒತ್ತಡ 2-3 ಪಿಎಸ್‌ಐ ಮೀರಬಾರದು. ಅಷ್ಟು ದೊಡ್ಡ ಟ್ಯೂಬಿಗೆ ಸೈಕಲ್ ಚಕ್ರದ ಒತ್ತಡ ಕೊಟ್ಟರೆ ಅದು ಬಾಂಬಿಗೆ ಸಮ. ಗೊತ್ತಿಲ್ಲದಿದ್ದರೆ ಬಲ್ಲವರ ಕೈಗೆ ಬಿಡಿ.

ಹಂತ 6: ಕನ್ನಡಿ ಹೊಳಪು ಬೇಕೇ?

ಬೇಕು ಅನ್ನುವವರು 400, 600, 800 ನಂಬರಿನ ಮರಳುಕಾಗದವನ್ನು ನೀರು ಹಾಕಿಕೊಂಡು ಒಂದಾದ ಮೇಲೊಂದು ಉಜ್ಜಿ, ಆಮೇಲೆ ಉಣ್ಣೆಯ ಪ್ಯಾಡು, ಪಾಲಿಶ್ ಹಚ್ಚಿ ಯಂತ್ರದಲ್ಲಿ ಬೆಳಗಬೇಕು. 260 ಚದರ ಅಡಿ. ಪ್ರತಿ ಸುತ್ತಿಗೂ ಸ್ವಲ್ಪ ಲೋಹ ಹೋಗುತ್ತದೆ. ಬೇಸಿಗೆ ಪೂರ್ತಿ ನೀರಿನಲ್ಲೇ ನಿಲ್ಲುವ ದೋಣಿಯಲ್ಲಿ ಆ ಹೊಳಪು ಬೇಗ ಮಂಕಾಗುತ್ತದೆ. ನನ್ನ ಸಲಹೆ ಬೇಡ ಅಂತಲೇ. ಆಸೆ ಇದ್ದರೆ ನೀರಿನ ಮೇಲೆ ಕಾಣುವ ಮೂಗಿನ ಭಾಗ ಮಾತ್ರ ಬೆಳಗಿ.

ಹಂತ 7: ಲೇಪ

ನಮ್ಮ ಹರಿಗೋಲಿಗೆ ಟಾರು ಬಳಿಯುತ್ತಾರೆ, ಬಿದಿರಿಗೂ ನೀರಿಗೂ ನಡುವೆ ಒಂದು ತಡೆ. ಇಲ್ಲೂ ತತ್ವ ಅದೇ. ಯಾವ ಲೇಪ ಅನ್ನುವುದು ದೋಣಿ ಎಲ್ಲಿ ನಿಲ್ಲುತ್ತದೆ ಅನ್ನುವುದರ ಮೇಲೆ ಇದೆ.

ದೋಣಿ ಲಿಫ್ಟ್ ಮೇಲೋ ಟ್ರೈಲರ್ ಮೇಲೋ ಇದ್ದು, ವಾರಾಂತ್ಯಕ್ಕೆ ಮಾತ್ರ ನೀರಿಗಿಳಿಯುತ್ತದೆ ಅಂದರೆ ಒಳ್ಳೆಯ ದೋಣಿ ಮೇಣ ಅಥವಾ ಪಾಲಿಮರ್ ಸೀಲಂಟ್ ಸಾಕು. ಪಾಚಿ ಹಿಡಿಯುವುದಿಲ್ಲ ಅಂತಲ್ಲ, ಹಿಡಿದದ್ದು ಸಲೀಸಾಗಿ ಬಿಡುತ್ತದೆ.

ಮೇ ತಿಂಗಳಿಂದ ಅಕ್ಟೋಬರ್ ತನಕ ಡಾಕಿಗೆ ಕಟ್ಟಿಯೇ ಇಡುವ ದೋಣಿಗೆ, ಅಲ್ಯುಮಿನಿಯಂಗೆ ಅಂತಲೇ ಮಾಡಿದ ಪಾರದರ್ಶಕ ಲೇಪ ಒಳ್ಳೆಯದು. ಹಚ್ಚುವುದು ಸುಲಭ, ತಯಾರಿ ಕಷ್ಟ. ಟ್ಯೂಬು ಪೂರಾ ಒಣಗಿರಬೇಕು. ತೊಳೆದ ಮೇಲೆ ಒಂದು ಇಡೀ ದಿನ ಬಿಡಿ. ಬರಿಗೈಯಿಂದ ಮುಟ್ಟಬೇಡಿ, ಬೆರಳಿನ ಜಿಡ್ಡು ಲೇಪದ ಅಡಿಯಲ್ಲಿ ಉಳಿದುಬಿಡುತ್ತದೆ. ನೂಲು ಬಿಡದ ಹತ್ತಿ ಬಟ್ಟೆಯಲ್ಲಿ ತೆಳ್ಳಗೆ, ಉದ್ದುದ್ದಕ್ಕೆ, ಹಚ್ಚಿದ ಜಾಗಕ್ಕೆ ಮತ್ತೆ ಹಿಂದಿರುಗದೆ ಎಳೆಯಿರಿ. ಒಣಗಿದ ಮೇಲೆ ಎರಡನೇ ಸಲ. ದಪ್ಪಗೆ ಒಂದು ಪದರಕ್ಕಿಂತ ತೆಳ್ಳಗೆ ಎರಡು ಪದರ ಮೇಲು. ಇವುಗಳಲ್ಲಿ ಎಷ್ಟೋ ಲೇಪಗಳು ಬೇಗ ಉರಿಯುವ ದ್ರಾವಕದಲ್ಲಿ ಕರಗಿರುತ್ತವೆ. ಗ್ಯಾರೇಜಿನ ಬಾಗಿಲು ತೆರೆದಿರಲಿ, ವಾಟರ್ ಹೀಟರಿನ ಬೆಂಕಿ ಹತ್ತಿರ ಇರದಿರಲಿ. ಆವಿ ತಡೆಯುವ ಮಾಸ್ಕ್ ಬೇಕು. ಧೂಳಿಗೆ ಹಾಕುವ ಬಟ್ಟೆ ಮಾಸ್ಕಿನಿಂದ ಪ್ರಯೋಜನ ಇಲ್ಲ.

ಫ್ಲೋರಿಡಾ, ಟೆಕ್ಸಾಸ್ ಕಡೆ ಉಪ್ಪುನೀರಿನಲ್ಲಿ ದೋಣಿ ನಿಲ್ಲಿಸುವವರಿಗೆ ಇಷ್ಟು ಸಾಲದು. ಅವರಿಗೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಾಚಿ ತಡೆಯುವ ಪೇಂಟ್ ಬೇಕು. ಲೋಹವನ್ನು ಮರಳುಕಾಗದದಿಂದ ಒರಟು ಮಾಡಿದ ದಿನವೇ, ಆದಷ್ಟು ಬೇಗ ಪ್ರೈಮರ್ ಬೀಳಬೇಕು. ತಡವಾದರೆ ಪೊರೆ ಬೆಳೆದು ಪೇಂಟ್ ಸಿಪ್ಪೆ ಏಳುತ್ತದೆ. ಪೇಂಟಿನಲ್ಲಿ ತಾಮ್ರದ ಆಕ್ಸೈಡ್ ಇರಲೇಬಾರದು. ಫೈಬರ್ ದೋಣಿಗೆ ಬಳಿಯುವ ಸಾಮಾನ್ಯ ಪೇಂಟುಗಳಲ್ಲಿ ಅದೇ ಇರುತ್ತದೆ. ಡಬ್ಬಿಯ ಮೇಲೆ ಅಲ್ಯುಮಿನಿಯಂಗೆ ಸರಿ ಅಂತ ಬರೆದಿದ್ದರೆ ಮಾತ್ರ ಕೊಳ್ಳಿ. ಮತ್ತೆ ಅವರು ಪ್ರತಿ ಸಲ ದೋಣಿ ಮೇಲೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಬೇಕು, ಒಂದು ಸಲವೂ ತಪ್ಪದೆ.

ತಾಮ್ರವೂ ಮರವೂ ಕರೆಂಟೂ

ಇಷ್ಟೆಲ್ಲ ಮಾಡಿಯೂ ಟ್ಯೂಬು ತೂತಾದ ಕಥೆಗಳು ಬೇಕಾದಷ್ಟಿವೆ. ಕಾರಣ ಹೆಚ್ಚಾಗಿ ಇಲ್ಲಿದೆ.

ಎರಡು ಬೇರೆ ಬೇರೆ ಲೋಹ, ನಡುವೆ ಒದ್ದೆ, ಎರಡೂ ಒಂದಕ್ಕೊಂದು ತಾಗಿವೆ. ಅಷ್ಟಿದ್ದರೆ ಅದೊಂದು ಬ್ಯಾಟರಿ. ಆ ಬ್ಯಾಟರಿಯಲ್ಲಿ ಕರಗುವುದು ಅಲ್ಯುಮಿನಿಯಂ. ತಾಮ್ರದ ಒಂದು ಸಣ್ಣ ನಾಣ್ಯ ಒದ್ದೆ ಮೂಲೆಯಲ್ಲಿ ಬಿದ್ದಿದ್ದರೂ ಸಾಕು, ಅದರ ಅಡಿಯಲ್ಲಿ ಗುಳಿ ಶುರು.

ಜನ ಗಮನಿಸದ ತಾಮ್ರ ಇರುವುದು ಮರದಲ್ಲಿ. ಟ್ರೈಲರಿನ ಮೇಲೆ ದೋಣಿ ಕೂರುವ ಉದ್ದ ಹಲಗೆಗಳಿವೆಯಲ್ಲ, ಅವುಗಳಿಗೆ ಹಾರ್ಡ್‌ವೇರ್ ಅಂಗಡಿಯ ಪ್ರೆಷರ್ ಟ್ರೀಟೆಡ್ ಮರ ಹಾಕುತ್ತಾರೆ. ಮರ ಕೊಳೆಯದಿರಲು ಅದಕ್ಕೆ ತಾಮ್ರದ ಲವಣ ತುಂಬಿರುತ್ತಾರೆ. 2003ರ ಕೊನೆಯವರೆಗೆ ಬರುತ್ತಿದ್ದ ಆರ್ಸೆನಿಕ್ ಮರ ಮನೆಬಳಕೆಯಿಂದ ಹೋಯಿತು. ಆಮೇಲೆ ಬಂದದ್ದರಲ್ಲಿ ತಾಮ್ರದ ಪಾಲು ಇನ್ನೂ ಜಾಸ್ತಿ. ಅದರ ಮೇಲೆ ಕಾರ್ಪೆಟ್ ಸುತ್ತುತ್ತಾರೆ, ಟ್ಯೂಬಿಗೆ ಗೀರು ಬೀಳದಿರಲಿ ಅಂತ ಒಳ್ಳೆಯ ಮನಸ್ಸಿನಿಂದಲೇ. ಕಾರ್ಪೆಟ್ ತಿಂಗಳುಗಟ್ಟಲೆ ಒದ್ದೆ ಇರುತ್ತದೆ. ಆರು ತಿಂಗಳು ದೋಣಿ ಅದರ ಮೇಲೆ ಕೂತಿರುತ್ತದೆ. ನೀರಿನಲ್ಲಿ ಇದ್ದಾಗ ಆಗದ ಹಾನಿ ಸುಮ್ನೆ ನಿಂತಾಗ ಆಗುತ್ತದೆ. ಹಲಗೆಗೆ ಟ್ರೀಟ್ ಮಾಡದ ಮರ ಹಾಕಿಸಿ, ಇಲ್ಲವೇ ಕಾರ್ಪೆಟ್ ತೆಗೆದು ಗಟ್ಟಿ ಪ್ಲಾಸ್ಟಿಕ್ ಪಟ್ಟಿ ಹಾಕಿಸಿ. ಚಳಿಗಾಲದಲ್ಲಿ ದೋಣಿಯನ್ನು ದಿಮ್ಮಿಗಳ ಮೇಲೆ ಎತ್ತಿಡಲು ಆದರೆ ಇನ್ನೂ ಒಳ್ಳೆಯದು. ಹಲಗೆ ತಾಗುತ್ತಿದ್ದ ಜಾಗವನ್ನು ಆಗ ತೊಳೆಯಲೂಬಹುದು.

ಇನ್ನು ಕರೆಂಟು. ದಡದ ವಿದ್ಯುತ್ತಿಗೆ ದೋಣಿಯ ಬ್ಯಾಟರಿ ಚಾರ್ಜರನ್ನು ಬೇಸಿಗೆ ಪೂರ್ತಿ ಸಿಕ್ಕಿಸಿಟ್ಟರೆ ನೆಲದ ತಂತಿಯ (ಅರ್ಥ್ ವೈರ್) ಮೂಲಕ ಪಕ್ಕದ ದೋಣಿಗಳ ಲೋಹಕ್ಕೂ ನಿಮ್ಮ ಟ್ಯೂಬಿಗೂ ಸಂಬಂಧ ಕೂಡಿಬಿಡುತ್ತದೆ. ಅಗತ್ಯ ಇದ್ದಾಗ ಮಾತ್ರ ಸಿಕ್ಕಿಸಿ. ಯಾವಾಗಲೂ ಬೇಕೆಂದರೆ ಆ ಸಂಬಂಧವನ್ನು ತಡೆಯುವ ಗ್ಯಾಲ್ವನಿಕ್ ಐಸೊಲೇಟರ್ ಹಾಕಿಸಿ. ಡಾಕಿನ ಉಕ್ಕಿನ ಕಂಬಕ್ಕೆ ಸರಪಳಿಯಿಂದ ಕಟ್ಟುವ ಬದಲು ಹಗ್ಗದಿಂದ ಕಟ್ಟಿ.

ತಾನು ಕರಗಿ ದೋಣಿಯನ್ನು ಉಳಿಸುವ ಲೋಹದ ತುಂಡಿಗೆ ಆನೋಡ್ ಅನ್ನುತ್ತಾರೆ. ಸಿಹಿನೀರಿನ ಕೆರೆಗೆ ಮೆಗ್ನೀಸಿಯಂ ಆನೋಡ್. ಉಪ್ಪುನೀರಿಗೆ, ನದಿ ಸಮುದ್ರ ಸೇರುವ ಸಪ್ಪೆ ಉಪ್ಪಿನ ನೀರಿಗೆ ಅಲ್ಯುಮಿನಿಯಂ ಆನೋಡ್. ಹಳೆಯ ದೋಣಿಗಳಲ್ಲಿ ಸತುವಿನದು ಇರುತ್ತದೆ. ಸಿಹಿನೀರಿನಲ್ಲಿ ಸತುವಿನ ಮೇಲೆ ಪದರ ಕಟ್ಟಿ ಅದು ಕೆಲಸವನ್ನೇ ನಿಲ್ಲಿಸುತ್ತದೆ. ನೋಡಲು ಹೊಸದರಂತೆ ಇರುತ್ತದೆ, ಅದೇ ಕೆಟ್ಟ ಲಕ್ಷಣ. ಮೆಗ್ನೀಸಿಯಂ ಆನೋಡನ್ನು ಉಪ್ಪುನೀರಿಗೆ ಒಯ್ಯಬೇಡಿ, ಬೇಗ ಕರಗಿಹೋಗುತ್ತದೆ. ಆನೋಡ್ ಅರ್ಧ ಕರಗಿದಾಗ ಬದಲಾಯಿಸಿ. ಅದರ ಮೇಲೆ ಪೇಂಟ್, ಮೇಣ, ಲೇಪ ಏನೂ ಬೀಳಬಾರದು. ಕೂರುವ ಜಾಗದಲ್ಲಿ ಲೋಹಕ್ಕೆ ಲೋಹ ತಾಗಿರಬೇಕು.

ಬೇಸಿಗೆಯಲ್ಲಿ

ಕಟ್ಟಿಟ್ಟ ದೋಣಿಗೆ ಪಾಚಿ ಬೇಗ ಹಿಡಿಯುತ್ತದೆ. ವಾರಕ್ಕೊಮ್ಮೆಯಾದರೂ ಓಡಿಸಿ. ತಿಂಗಳಿಗೊಮ್ಮೆ ಡಾಕಿನ ಮೇಲೆ ನಿಂತು ಉದ್ದ ಹಿಡಿಯ ಮೆತ್ತನೆಯ ಬ್ರಷ್ಷಿನಿಂದ ನೀರಿನ ಗೆರೆಯನ್ನು ಒರೆಸಿ. ಸೋಪು ಇಲ್ಲದೆ, ಬರೀ ಕೆರೆಯ ನೀರಲ್ಲಿ. ಹದಿನೈದು ನಿಮಿಷದ ಕೆಲಸ. ಮಕ್ಕಳಿಗೆ ಇದು ಬಹಳ ಇಷ್ಟ, ಲೈಫ್ ಜಾಕೆಟ್ ಹಾಕಿಸಿ ಕೈಗೆ ಬ್ರಷ್ ಕೊಡಿ.

ವಸಂತದಲ್ಲಿ ಕೆರೆಯ ಮಂಜು ಕರಗಿ ದೋಣಿ ಇಳಿಸುವ ಮೊದಲು ಹೋದ ವರ್ಷದ ಲೇಪ ಉಳಿದಿದೆಯೇ ಅಂತ ನೋಡಬೇಕಲ್ಲ. ಒಂದು ಚೊಂಬು ನೀರು ತೆಗೆದುಕೊಂಡು ಟ್ಯೂಬಿನ ಮೇಲೆ ಅಲ್ಲಲ್ಲಿ ಚಿಮುಕಿಸಿ. ಕೆಸುವಿನೆಲೆಯ ಮೇಲಿನ ಹನಿಯಂತೆ ಮಣಿಮಣಿಯಾಗಿ ಉರುಳಿದರೆ ಅಲ್ಲಿ ಲೇಪ ಇದೆ. ನೀರು ಹರಡಿ ಅಲ್ಲೇ ಕೂತರೆ ಆ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ಗುರುತು ಹಾಕಿದ ಕಡೆ ಮಾತ್ರ ಸೋಪಿನಲ್ಲಿ ತೊಳೆದು, ಒಣಗಿಸಿ, ಒಂದು ಪದರ ಹಚ್ಚಿ ನೀರಿಗಿಳಿಸಿ.